ಕಟಿಂಗ್ ಮಷಿನ್ ತರುವ ಮುಂಚೆ: ನಮ್ಮ ಬಡಾವಣೆ ಸಂಘದವರಿಗೆ ಒಂದು ಬಹಿರಂಗ ಪತ್ರ

ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ನಮ್ಮ ಬೀದಿಯ ಎಲ್ಲ ಮನೆಯವರಿಗೆ,
ಕೋಲಾರ

ಮಾನ್ಯರೇ, ನಮಸ್ಕಾರ.

ನಾನು ಮೂರನೇ ಅಡ್ಡರಸ್ತೆಯ ಟೈಲರ್. ನಿಮ್ಮಲ್ಲಿ ಅರ್ಧ ಮನೆಗಳ ಬ್ಲೌಸಿನ ಅಳತೆ ನನ್ನ ಪುಸ್ತಕದಲ್ಲಿದೆ, ಹಾಗಾಗಿ ಪರಿಚಯ ಬೇಡ.

ಗಣೇಶನ ಹಬ್ಬಕ್ಕೆ ನಾಲ್ಕು ದಿನ ಮುಂಚೆ ನೀವು ಬೀದಿ ಕ್ಲೀನ್ ಮಾಡಿಸಿದಿರಿ. ಒಳ್ಳೆಯ ಕೆಲಸ. ಚರಂಡಿ ಪಕ್ಕದ ಕಾಂಗ್ರೆಸ್ ಗಿಡ ಹೋಯಿತು. ಖಾಲಿ ಸೈಟಿನಲ್ಲಿ ಆಳೆತ್ತರ ಬೆಳೆದಿದ್ದ ಲಂಟಾನ ಹೋಯಿತು. ಜೊತೆಗೆ ನನ್ನ ಗೇಟಿನ ಆಚೆ, ಕಾಂಪೌಂಡಿಗೆ ಅಂಟಿಕೊಂಡಿದ್ದ ಐದು ತಂಗಡಿ ಗಿಡವೂ ಹೋದವು. ನಾನು ಆಗ ದಾರ, ಹುಕ್ಕು ತರಲು ಪೇಟೆಗೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ಹಳದಿ ಹೂವೆಲ್ಲ ರಸ್ತೆ ಮೇಲೆ ಬಿದ್ದಿತ್ತು. ಬಿದ್ದ ಗೊಂಚಲಿನ ಮೇಲೆ ಒಂದು ಕರಿ ದುಂಬಿ ಇನ್ನೂ ಸುತ್ತು ಹಾಕುತ್ತಿತ್ತು.

ಮಷಿನ್ ಹಿಡಿದಿದ್ದ ಹುಡುಗನನ್ನು ಕೇಳಿದೆ. "ತಗಚೆ ಅಲ್ವಾ ಅಕ್ಕ? ಕಳೆ ಅಂತ ತೆಗೆದೆ" ಅಂದ. ಅವನ ತಪ್ಪೇನಿಲ್ಲ. ಎರಡೂ ಒಂದೇ ಕುಲದವು, ಎರಡರ ಹೂವೂ ಹಳದಿ. ಆದರೆ ತಗಚೆ ಮಳೆಗೆ ಹುಟ್ಟಿ, ಮಳೆಗಾಲ ಕಳೆದ ಮೇಲೆ ಒಣಗಿ ಹೋಗುವ ಗಿಡ. ಅಗಲ ಎಲೆ, ಕುಡುಗೋಲಿನ ಹಾಗೆ ಬಾಗಿದ ತೆಳ್ಳಗಿನ ಕಾಯಿ. ತಂಗಡಿಯದು ಕಟ್ಟಿಗೆಯಂಥ ಕಾಂಡ, ಹುಣಸೆ ಎಲೆಯನ್ನು ದೊಡ್ಡದು ಮಾಡಿದ ಹಾಗಿರುವ ಎಲೆ, ಕಾಗದದ ಪಟ್ಟಿಯಂಥ ಚಪ್ಪಟೆ ಕಾಯಿ. ಒಂದು ಸಲ ಬೇರು ಬಿಟ್ಟರೆ ವರ್ಷಗಟ್ಟಲೆ ಇರುತ್ತದೆ.

ಅಷ್ಟಕ್ಕೇ ಮುಗಿದಿದ್ದರೆ ಸುಮ್ನೆ ಇರುತ್ತಿದ್ದೆ. ಹಬ್ಬ ಮುಗಿದ ವಾರಕ್ಕೆ ಚೀಟಿ ಬಂತು. "ತಮ್ಮ ಕಾಂಪೌಂಡಿನ ಒಳಗೂ ಕಾಡುಗಿಡಗಳು ಬೆಳೆದಿದ್ದು, ಬಡಾವಣೆಯ ಅಂದ ಕೆಡುತ್ತಿರುವುದರಿಂದ ರಾಜ್ಯೋತ್ಸವದೊಳಗೆ ತೆರವುಗೊಳಿಸತಕ್ಕದ್ದು." ಸಹಿ, ಸೀಲು ಎಲ್ಲ ಇದೆ. ನೀವು ಮನೆಗೇ ಬಂದು ಹೇಳಬಹುದಿತ್ತು, ಒಂದು ಲೋಟ ಕಾಫಿ ಕುಡಿದು ಹೋಗಬಹುದಿತ್ತು. ಚೀಟಿ ಕಳಿಸಿದಿರಿ, ಅದಕ್ಕೆ ಪತ್ರ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಬರೆಯಲು ಕಾರಣ, ಇಂಥ ಚೀಟಿ ನಾಳೆ ಬೇರೆ ಬಡಾವಣೆಯ ಇನ್ನೊಂದು ಮನೆಗೂ ಹೋಗಬಹುದು.

ತಂಗಡಿ ಗೊತ್ತಿಲ್ಲದವರು ನಮ್ಮೂರಲ್ಲಿ ಕಡಿಮೆ. ಕೆಲವರು ಆವರಿಕೆ ಅನ್ನುತ್ತಾರೆ. ನಮ್ಮ ಬೀದಿಯ ತೆಲುಗಿನವರು ತಂಗೇಡು ಅನ್ನುತ್ತಾರೆ, ತಮಿಳಿನವರು ಆವಾರಂ. ಒಂದೇ ಬೀದಿಯಲ್ಲಿ ಒಂದು ಗಿಡಕ್ಕೆ ಇಷ್ಟು ಹೆಸರು ಇದೆ ಅಂದರೆ ಅದು ನಿನ್ನೆ ಮೊನ್ನೆ ನರ್ಸರಿಯಿಂದ ಬಂದದ್ದಲ್ಲ ಅಂತ ಅರ್ಥ. ಗುಡ್ಡದ ಬಂಡೆ ಸಂದಿಯಲ್ಲಿ, ಕೆರೆ ಏರಿ ಮೇಲೆ, ಹೊಲದ ಬದುವಿನಲ್ಲಿ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ದನ, ಮೇಕೆ ಅಷ್ಟಾಗಿ ಬಾಯಿ ಹಾಕುವುದಿಲ್ಲ. ಹಿಂದೆ ಇದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಸೊಪ್ಪನ್ನು ಗದ್ದೆಯ ಕೆಸರಿಗೆ ತುಳಿದು ಗೊಬ್ಬರ ಮಾಡುತ್ತಿದ್ದರು. ನಮ್ಮಜ್ಜಿ ಹೂವನ್ನು ನೆರಳಲ್ಲಿ ಒಣಗಿಸಿ ಮೈಗೆ ಹಚ್ಚುವ ಕಡಲೆಹಿಟ್ಟಿಗೆ ಬೆರೆಸುತ್ತಿದ್ದರು. ಎದುರು ಮನೆಯ ತಮಿಳು ಅಜ್ಜಿ ಒಂದು ಗಾದೆ ಹೇಳುತ್ತಾರೆ: ಆವಾರಂ ಹೂ ಬಿಟ್ಟಿರುವಾಗ ಸತ್ತವರನ್ನು ಕಂಡವರುಂಟಾ ಅಂತ. ಔಷಧಿಯ ವಿಚಾರ ನನಗೆ ಬೇಡ, ಅದು ವೈದ್ಯರಿಗೆ ಬಿಟ್ಟದ್ದು. ತೆಲಂಗಾಣದವರು ಇದನ್ನು ತಮ್ಮ ರಾಜ್ಯದ ಹೂವು ಮಾಡಿಕೊಂಡಿದ್ದಾರೆ, ಬತುಕಮ್ಮ ಹಬ್ಬಕ್ಕೆ ತಟ್ಟೆಯಲ್ಲಿ ಪೇರಿಸುತ್ತಾರೆ. ಅಲ್ಲಿ ರಾಜ್ಯದ ಹೂವು, ಇಲ್ಲಿ ತೆರವುಗೊಳಿಸತಕ್ಕದ್ದು.

ಈಗ ನಾನು ದಿನಾ ನೋಡುವ ವಿಷಯಕ್ಕೆ ಬರುತ್ತೇನೆ.

ನನ್ನ ಮಷಿನ್ ಕಿಟಕಿ ಪಕ್ಕದಲ್ಲಿದೆ. ಕಿಟಕಿಯಿಂದ ಮೂರಡಿ ದೂರಕ್ಕೆ, ಕಾಂಪೌಂಡಿನ ಒಳಗೆ, ಉಳಿದಿರುವ ಎರಡು ತಂಗಡಿ ಇವೆ. ಬೆಳಿಗ್ಗೆ ಎಂಟರ ಹೊತ್ತಿಗೆ ದುಂಬಿ ಬರುತ್ತದೆ. ಹೆಬ್ಬೆರಳ ತುದಿಯಷ್ಟು ದಪ್ಪ, ಕಪ್ಪು ಮೈ, ಬಿಸಿಲಿಗೆ ನೀಲಿ ಹೊಳೆಯುವ ರೆಕ್ಕೆ. ಒಣ ಮರದಲ್ಲಿ, ಬಿದಿರಿನಲ್ಲಿ ತೂತು ಕೊರೆದು ಮನೆ ಮಾಡುತ್ತಲ್ಲ, ಅದೇ. ಹಾರುವಾಗ ಅದರ ದನಿ ದಪ್ಪ. ಹೂವಿನ ಮಧ್ಯದ ಕೇಸರಗಳನ್ನು ಕಾಲಲ್ಲಿ ತಬ್ಬಿಕೊಂಡ ತಕ್ಷಣ ರೆಕ್ಕೆ ನಿಲ್ಲುತ್ತದೆ. ಸದ್ದು ಮಾತ್ರ ನಿಲ್ಲುವುದಿಲ್ಲ, ಮೇಲೆ ಏರುತ್ತದೆ. ಪೆಡಲ್ ಒತ್ತಿದರೆ ನನ್ನ ಮೋಟಾರಿನ ದನಿ ಏರುತ್ತಲ್ಲ, ಥೇಟ್ ಹಾಗೆ. ಝೀಂ, ಝೀಂ, ಝೀಂ. ಒಂದೊಂದೂ ಸೆಕೆಂಡಿನಷ್ಟು, ಅಷ್ಟೇ. ಆಮೇಲೆ ನೋಡಿದರೆ ಅದರ ಹೊಟ್ಟೆಗೆಲ್ಲ ಅರಿಶಿನ ಉದುರಿಸಿದ ಹಾಗೆ ಪುಡಿ ಮೆತ್ತಿರುತ್ತದೆ.

ಮೊದಮೊದಲು ನನಗೆ ಇದು ದುಂಬಿಯ ಆಟ ಅನ್ನಿಸುತ್ತಿತ್ತು. ತೋಟಗಾರಿಕೆ ಓದುತ್ತಿರುವ ನನ್ನ ಅಕ್ಕನ ಮಗಳು ಒಂದು ಭಾನುವಾರ ಹೂವು ಬಿಡಿಸಿ ತೋರಿಸಿದಳು. ಬೇರೆ ಹೆಚ್ಚಿನ ಹೂವಿನಲ್ಲಿ ಪರಾಗದ ಚೀಲ ಉದ್ದಕ್ಕೆ ಬಿರಿಯುತ್ತದೆ, ಯಾರು ಬಂದರೂ ಸಿಗುತ್ತದೆ. ತಂಗಡಿಯಲ್ಲಿ ಹಾಗಿಲ್ಲ. ಚೀಲದ ತುದಿಯಲ್ಲಿ ಮಾತ್ರ ಸಣ್ಣ ತೂತು, ಉಪ್ಪಿನ ಡಬ್ಬಿಯ ಹಾಗೆ. ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ಆ ಅಲ್ಲಾಡಿಸುವ ಕೆಲಸವೇ ಆ ಸದ್ದು. ರೆಕ್ಕೆ ಮಡಿಚಿ, ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸುತ್ತದಂತೆ. ಇನ್ನೊಂದು ಜಾಣತನ ಇದೆ. ಈ ಹೂವಿನಲ್ಲಿ ಗಿಡ್ಡ ಕೇಸರ ಬೇರೆ, ಉದ್ದ ಬಾಗಿದ ಕೇಸರ ಬೇರೆ. ಗಿಡ್ಡದ್ದು ದುಂಬಿಯ ಊಟಕ್ಕೆ. ಉದ್ದದ್ದು ದುಂಬಿಯ ಮೈಗೆ ಪುಡಿ ಬಳಿದು ಮುಂದಿನ ಹೂವಿಗೆ ಕಳಿಸುವುದಕ್ಕೆ. ಊಟದ ಖರ್ಚೂ ಬೇರೆ, ಸಾಗಾಣಿಕೆ ಖರ್ಚೂ ಬೇರೆ ಅಂತ ಲೆಕ್ಕ ಇಟ್ಟ ಹಾಗೆ. ನನಗಿಂತ ಚೆನ್ನಾಗಿ ಲೆಕ್ಕ ಇಡುತ್ತದೆ.

ಈ ಹೂವಿನಲ್ಲಿ ಮಕರಂದ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನು ಇಂಥ ಹೂವನ್ನು ನಡುಗಿಸುವುದಿಲ್ಲ. ಉದುರಿದ ಪುಡಿ ಆಯ್ದುಕೊಳ್ಳಲು ಬರುವ ಸಣ್ಣಪುಟ್ಟ ಜೇನನ್ನು ನೋಡಿದ್ದೇನೆ, ಆದರೆ ಡಬ್ಬಿ ಅಲ್ಲಾಡಿಸುವ ವಿದ್ಯೆ ದುಂಬಿಯಂಥ ಕೆಲವಕ್ಕೆ ಮಾತ್ರ ಗೊತ್ತು. ಹೊಟ್ಟೆಗೆ ನೀಲಿ ಪಟ್ಟೆ ಇರುವ, ಒಂದು ಕಡೆ ನಿಲ್ಲದ ಸಣ್ಣ ಜೇನೊಂದು ಬರುತ್ತದೆ, ಅದಕ್ಕೂ ಗೊತ್ತು.

ಇದನ್ನು ಕೋಲಾರದಲ್ಲಿ ಕೂತು ಯಾಕೆ ಹೇಳುತ್ತಿದ್ದೇನೆ ಅಂದರೆ, ಟೊಮೆಟೊ ಹೂವಿನದೂ ಇದೇ ಕಥೆ. ಬದನೆಯದೂ ಇದೇ. ಅವುಗಳ ಪರಾಗವೂ ಕೊಳವೆಯೊಳಗೆ ಕೂತಿರುತ್ತದೆ, ಅಲ್ಲಾಡಿದರೆ ಹೊರಗೆ ಬರುತ್ತದೆ. ಟೊಮೆಟೊ ಗಾಳಿಗೂ ಅಲ್ಲಾಡಿ ಕಾಯಿ ಕಟ್ಟುತ್ತದೆ, ಜೇನಿಲ್ಲದೆ ಬೆಳೆಯೇ ಇಲ್ಲ ಅಂತ ನಾನು ಹೆದರಿಸುತ್ತಿಲ್ಲ. ಆದರೆ ಹೂವನ್ನು ನಡುಗಿಸುವ ಜೇನು ಬಂದು ಹೋದರೆ ಕಾಯಿ ಚೆನ್ನಾಗಿ ತುಂಬುತ್ತದೆ. ಹೊರದೇಶದ ಗಾಜಿನಮನೆಗಳಲ್ಲಿ ಟೊಮೆಟೊ ಬೆಳೆಯುವವರು 1980ರ ದಶಕದ ಕೊನೆಯಿಂದ ದುಡ್ಡು ಕೊಟ್ಟು ಒಂದು ಜಾತಿಯ ದಪ್ಪ ಜೇನಿನ ಪೆಟ್ಟಿಗೆ ತರಿಸಿ ಈ ಕೆಲಸ ಮಾಡಿಸುತ್ತಾರೆ. ಆ ಬಗೆಯ ಜೇನು ನಮ್ಮ ದೇಶದಲ್ಲಿ ಇರುವುದು ಹೆಚ್ಚಾಗಿ ಹಿಮಾಲಯದ ಕಡೆ. ನಮ್ಮ ಬಯಲುಸೀಮೆಗೆ ಕರಿ ದುಂಬಿ, ನೀಲಿ ಪಟ್ಟೆಯ ಜೇನು, ಇವರೇ ಗತಿ. ಸಂಬಳ ಕೇಳದ ಆಳುಗಳು. ನಮ್ಮ ಎಪಿಎಂಸಿಯಿಂದ ಲಾರಿಗಟ್ಟಲೆ ಟೊಮೆಟೊ ಊರೂರಿಗೆ ಹೋಗುತ್ತದೆ. ಬಡಾವಣೆಯ ಹಿಂದಿನ ತೋಟದಲ್ಲಿ ಟೊಮೆಟೊ ಹೂವಿಗೆ ಬರುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ದಿನ ಈ ಆಳುಗಳು ಎಲ್ಲಿ ಊಟ ಮಾಡಬೇಕು? ತಂಗಡಿ ಬೇಸಿಗೆಯ ಬಿರುಸಿನಲ್ಲೂ ಅಷ್ಟೋ ಇಷ್ಟೋ ಹೂ ಇಟ್ಟುಕೊಂಡಿರುತ್ತದೆ.

ಈಗ ನಿಮ್ಮ ಕಡೆಯ ಮಾತು. ನಾನೂ ಅಂಗಳ ಗುಡಿಸಿ, ನೀರು ಹಾಕಿ, ರಂಗೋಲಿ ಇಟ್ಟೇ ಮಷಿನ್ ಮುಂದೆ ಕೂರುವವಳು. ಒಂದು ದಾರದ ಎಳೆ ನೆಲದ ಮೇಲಿದ್ದರೂ ನನಗೆ ಸಮಾಧಾನ ಇಲ್ಲ. ಹಾಗಾಗಿ ನಿಮ್ಮ ದೂರು ಪೂರ್ತಿ ಸುಳ್ಳು ಅನ್ನಲಾರೆ. ಮೊದಲ ಎರಡು ವರ್ಷ ನಾನು ಗಿಡವನ್ನು ಅದರ ಪಾಡಿಗೆ ಬಿಟ್ಟೆ. ಅದು ರಸ್ತೆ ಕಡೆ ವಾಲಿತು, ಸ್ಕೂಟರಿನವರಿಗೆ ತಾಗಿತು. ಗಾಳಿಗೆ ಬಂದ ಪ್ಲಾಸ್ಟಿಕ್ ಕವರೆಲ್ಲ ಬುಡದಲ್ಲಿ ಸಿಕ್ಕಿಕೊಂಡಿತು. ಒಣ ಕಾಯಿ ಉದುರಿ ಪಕ್ಕದ ಮನೆಯ ತುಳಸಿಕಟ್ಟೆ ತನಕ ಹೋಯಿತು. ಪಕ್ಕದ ಮನೆ ಅತ್ತಿಗೆ ಒಂದು ದಿನವೂ ಜಗಳಕ್ಕೆ ಬರಲಿಲ್ಲ, ಗುಡಿಸಿಕೊಂಡರು. ಅದು ಅವರ ದೊಡ್ಡ ಮನಸ್ಸು.

ಆ ತುಳಸಿಕಟ್ಟೆ ನೋಡಿಯೇ ನನಗೆ ಒಂದು ವಿಷಯ ಹೊಳೆಯಿತು. ತುಳಸಿಯೂ ಈ ನೆಲದ್ದೇ ಗಿಡ. ಅದಕ್ಕೂ ಜೇನು ಮುತ್ತುತ್ತದೆ. ಅದೂ ಬಿಟ್ಟರೆ ಅಡ್ಡಾದಿಡ್ಡಿ ಬೆಳೆಯುತ್ತದೆ, ಬೀಜ ಉದುರಿ ಎಲ್ಲೆಂದರಲ್ಲಿ ಹುಟ್ಟುತ್ತದೆ. ಯಾರಾದರೂ ಕಾಡುಗಿಡ ಅನ್ನುತ್ತಾರಾ? ದೇವರ ಗಿಡ ಅನ್ನುವುದು ಒಂದು ಕಾರಣ, ಸರಿ. ಆದರೆ ಅದಕ್ಕೊಂದು ಕಟ್ಟೆ ಇದೆ. ಸುತ್ತ ಸಾರಿಸಿದ ನೆಲ ಇದೆ. ಯಾರೋ ದಿನಾ ನೋಡಿಕೊಳ್ಳುತ್ತಾರೆ ಅಂತ ನೋಡಿದವರಿಗೆ ತಿಳಿಯುತ್ತದೆ. ನನ್ನ ತಂಗಡಿಗೆ ಕಟ್ಟೆ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅದಕ್ಕೇ ಈಗ ಒಳಗಿನ ಎರಡು ಗಿಡಕ್ಕೆ ಸೈಜುಗಲ್ಲಿನ ಅಂಚು ಇಟ್ಟಿದ್ದೇನೆ, ಒಂದು ಕಲ್ಲಿನ ಎತ್ತರ. ಬುಡದಿಂದ ಒಂದಡಿ ತನಕ ರೆಂಬೆ ಸವರಿದ್ದೇನೆ, ನೆಲ ಕಾಣುತ್ತದೆ. ಹಾವಿನ ಭಯ ಅಂದವರಿಗೆ ಇದೇ ಉತ್ತರ: ಬಗ್ಗಿ ನೋಡಿದರೆ ಆಚೆ ಬದಿ ಕಾಣಬೇಕು. ಹೂವು ಮುಗಿದು ಕಾಯಿ ಕಂದಾಗುವ ಮುಂಚೆ ಮೊಣಕಾಲೆತ್ತರಕ್ಕೆ ಕತ್ತರಿಸಿದರೆ ಕಸವೂ ಇಲ್ಲ, ಗಿಡವೂ ಪೊದೆಯಾಗಿ ದುಂಡಗೆ ಚಿಗುರುತ್ತದೆ. ತಂಗಡಿ ಕತ್ತರಿಗೆ ಹೆದರುವ ಗಿಡವೇ ಅಲ್ಲ. ಕತ್ತರಿ ಹಾಕುವ ಕಾಲ ಮಾತ್ರ ನೋಡಬೇಕು. ತುಂಬಿದ ಹೂವಿನಲ್ಲಿ ಅಲ್ಲ.

ಸೊಳ್ಳೆ ಅಂದಿರಿ. ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಲ್ಲಿ. ನಮ್ಮ ಬೀದಿಯಲ್ಲಿ ನಿಂತ ನೀರು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಹುಳ ಬಿದ್ದಿದೆ ಅಂತಲೂ ಒಬ್ಬರು ಹೇಳಿದರು. ನಿಜ, ಬೀಳುತ್ತದೆ. ಎಲೆಯದೇ ಬಣ್ಣದ ಹಸಿರು ಹುಳ. ಮೊದಲ ವರ್ಷ ನಾನೇ ಔಷಧಿ ಹೊಡೆದಿದ್ದೆ. ಮಾರನೇ ವರ್ಷ ಅಕ್ಕನ ಮಗಳು ಬೈದಳು. ಒಂದು ಹುಳವನ್ನು ರೆಂಬೆ ಸಮೇತ ಹಾರ್ಲಿಕ್ಸ್ ಬಾಟಲಿಗೆ ಹಾಕಿ, ಬಾಯಿಗೆ ಲೈನಿಂಗ್ ಬಟ್ಟೆ ಕಟ್ಟಿ, ಮಷಿನ್ ಪಕ್ಕ ಇಟ್ಟೆ. ಎರಡು ದಿನ ತಿಂದಿತು. ಮೂರನೇ ದಿನ ಕಡ್ಡಿಗೆ ನೂಲಿನ ನಡುಪಟ್ಟಿ ಸುತ್ತಿಕೊಂಡು ನೇತಾಡಿತು. ಟೈಲರ್ ಆಗಿ ಹೇಳುತ್ತೇನೆ, ಆ ಹೊಲಿಗೆ ನನ್ನ ಕೈಲಿ ಆಗಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ಬಾಟಲಿಯೊಳಗೆ ತಿಳಿಹಸಿರು ಬಿಳುಪಿನ ಚಿಟ್ಟೆ ರೆಕ್ಕೆ ಒಣಗಿಸುತ್ತಾ ಕೂತಿತ್ತು. ಬ್ಲೌಸು ತಗೊಂಡು ಹೋಗಲು ಬಂದವರೆಲ್ಲ ನೋಡಿದರು. ಈ ಚಿಟ್ಟೆಯ ಮರಿ ತಂಗಡಿ, ತಗಚೆ, ಕಕ್ಕೆಯಂಥ ಕೆಲವೇ ಗಿಡಗಳ ಸೊಪ್ಪು ತಿನ್ನುತ್ತದೆ. ನಿಮ್ಮ ಗುಲಾಬಿಗೆ, ದಾಸವಾಳಕ್ಕೆ ಹೋಗುವುದಿಲ್ಲ. ಗಿಡ ಅರ್ಧ ಬೋಳಾದರೂ ಮುಂದಿನ ಮಳೆಗೆ ಚಿಗುರಿಕೊಳ್ಳುತ್ತದೆ.

ನಮ್ಮ ಪಾರ್ಕಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅಂಚಿಗೆ ಹಳದಿ ಎಲೆಯ ಡುರಾಂಟ, ಮೂಲೆಗೆ ಕ್ರೋಟನ್, ಮಧ್ಯೆ ಲಾನ್. ಡುರಾಂಟ ಅಮೆರಿಕ ಖಂಡದ ಗಿಡ. ಹೊರಗಿನದು ಅನ್ನುವುದೊಂದೇ ಅದರ ತಪ್ಪಾಗುವುದಿಲ್ಲ. ರಾಗಿ ಹೊಲದ ಅಕ್ಕಡಿ ಸಾಲಿಗೆ ಹಾಕುವ ಹುಚ್ಚೆಳ್ಳು ಕೂಡ ಮೂಲದಲ್ಲಿ ಇಥಿಯೋಪಿಯದ್ದು, ಅದರ ಹೂವಿಗೆ ಜೇನು ಮುತ್ತುವುದನ್ನು ಯಾರು ಬೇಕಾದರೂ ನೋಡಬಹುದು. ಡುರಾಂಟಕ್ಕೂ ಬಿಟ್ಟರೆ ಹೂವಾಗುತ್ತದೆ. ನಾವು ವಾರಕ್ಕೊಮ್ಮೆ ತಲೆ ಸವರಿ, ಹೂವಾಗುವುದಕ್ಕೇ ಬಿಡುವುದಿಲ್ಲ. ಲಾನಿಗೆ ವಾರಕ್ಕೆ ಎರಡು ಟ್ಯಾಂಕರ್ ನೀರು ಹೋಗುತ್ತದೆ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ಲಿನಲ್ಲಿ ನೀರು ಬಾರದೆ ಕಣ್ಣೀರು ಹಾಕಿದ ಊರು ನಮ್ಮದು. 2018ರಲ್ಲಿ ಬೆಂಗಳೂರಿನ ಕೆ.ಸಿ. ವ್ಯಾಲಿಯಲ್ಲಿ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕಡೆಯ ಕೆರೆಗೆ ಬಂದಾಗ ನೋಡಲು ಜನ ಹೋಗಿದ್ದರು, ನಾನೂ ಹೋಗಿದ್ದೆ. ಅಂಥ ಊರಿನ ಪಾರ್ಕಿಗೆ ಟ್ಯಾಂಕರ್ ಕೇಳುವ ಹುಲ್ಲು ಯಾಕೆ? ನನ್ನ ತಂಗಡಿಗೆ ಮೊದಲ ಬೇಸಿಗೆ ಬಿಟ್ಟರೆ ಒಂದು ಚೊಂಬು ನೀರೂ ಹಾಕಿಲ್ಲ.

ಹಾಕಿಕೊಳ್ಳಬೇಕು ಅನ್ನುವವರಿಗೆ: ಕಂದಾದ ಕಾಯಿಯ ಬೀಜ ತನ್ನಿ, ನನ್ನ ಹತ್ತಿರವೂ ಇದೆ. ಸಿಪ್ಪೆ ಗಟ್ಟಿ. ಒರಟು ಕಲ್ಲಿನ ಮೇಲೆ ಸ್ವಲ್ಪ ಉಜ್ಜಿ, ರಾತ್ರಿ ನೆನೆಹಾಕಿ, ಮಳೆ ಹಿಡಿದಾಗ ಬಿತ್ತಿ. ಬೇಕಾದ ಜಾಗಕ್ಕೇ ನೇರ ಬಿತ್ತುವುದು ವಾಸಿ, ಬೇರು ಆಳಕ್ಕೆ ಇಳಿಯುವುದರಿಂದ ಆಮೇಲೆ ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಗಿಡದಿಂದ ಗಿಡಕ್ಕೆ ಮೂರಡಿ ಇರಲಿ. ನನ್ನದು ಎರಡನೇ ವರ್ಷ ಹೂ ಬಿಟ್ಟಿತು. ಜಾಗವೇ ಇಲ್ಲ ಅನ್ನುವವರು ಏನೂ ನೆಡಬೇಡಿ. ತುಳಸಿಯ ಕದಿರು ಚಿವುಟುತ್ತೀರಲ್ಲ, ಅದರಲ್ಲಿ ಅರ್ಧ ಹತ್ತು ದಿನ ಬಿಡಿ. ಮಕರಂದ ಬೇಕಾದ ಜೇನಿಗೆ ಅಷ್ಟು ಸಾಕು.

ಸಂಘಕ್ಕೆ ನಾನು ಕೇಳುವುದು ದೊಡ್ಡದೇನಲ್ಲ. ಕಾಂಪೌಂಡಿನ ಒಳಗಿನ ಗಿಡದ ಚೀಟಿ ವಾಪಸ್ ತಗೊಳ್ಳಿ. ಕಳೆನಾಶಕ ಹೊಡೆಸಲೇಬೇಕು ಅಂದರೆ ಚರಂಡಿ ಅಂಚಿಗೆ ಮಾತ್ರ, ಅದೂ ಸಂಜೆ. ಬೆಳಿಗ್ಗೆ ಹೂವಿನ ಮೇಲೆ ಜೇನಿರುತ್ತದೆ. ಪಾರ್ಕಿನ ಪಶ್ಚಿಮದ ಗೋಡೆ ಪಕ್ಕ ಹತ್ತಡಿ ಜಾಗ ಕೊಡಿ, ಅಂಚುಕಲ್ಲು ನನ್ನ ಖರ್ಚು. ಅದರಲ್ಲಿ ಒಂದಿಷ್ಟು ನೆಲ ಬರೀ ಮಣ್ಣಾಗೇ ಇರಲಿ, ನೀಲಿ ಪಟ್ಟೆಯ ಜೇನು ಮಣ್ಣಿನಲ್ಲೇ ಗೂಡು ಮಾಡುವುದು. ಇಂಟರ್‌ಲಾಕ್ ಕಲ್ಲು ಹಾಸಿದರೆ ಅದು ಎಲ್ಲಿಗೆ ಹೋಗಬೇಕು? ಬೇಕಾದರೆ ತಮಕದ ತೋಟಗಾರಿಕೆ ಕಾಲೇಜಿನಿಂದ ಯಾರನ್ನಾದರೂ ಕರೆಸಿ ಕೇಳಿ. ನನ್ನ ಮಾತಿಗಿಂತ ಅವರ ಮಾತಿಗೆ ತೂಕ ಜಾಸ್ತಿ.

ಗೇಟಿನ ಆಚೆ ಕತ್ತರಿಸಿದ ಐದು ಬುಡದಲ್ಲಿ ನಾಲ್ಕು ಚಿಗುರಿವೆ. ಈಗ ಗೇಣುದ್ದ ಇದೆ. ರಾಜ್ಯೋತ್ಸವಕ್ಕೆ ಮುಂಚೆ ಮತ್ತೆ ಬೀದಿ ಕ್ಲೀನ್ ಮಾಡಿಸುತ್ತೀರಿ, ಮಾಡಿಸಲೇಬೇಕು. ಮಷಿನ್ ಹುಡುಗರಿಗೆ ಗೊತ್ತಾಗಲಿ ಅಂತ ಉಳಿಸುವ ಗಿಡಕ್ಕೆಲ್ಲ ಬಟ್ಟೆ ಚೂರು ಕಟ್ಟುತ್ತೇನೆ, ನನ್ನ ಹತ್ತಿರ ಅದಕ್ಕೇನು ಬರ. ಹಳದಿ ಕಟ್ಟಿದರೆ ಹೂವಿನಲ್ಲಿ ಕಾಣುವುದಿಲ್ಲ, ಅದಕ್ಕೆ ಕೆಂಪು. ಕೆಂಪು ಬಟ್ಟೆ ಇರುವ ಗಿಡಕ್ಕೆ ಬ್ಲೇಡು ಹಾಕಬಾರದು ಅಂತ ಅವರಿಗೆ ಒಂದು ಮಾತು ಹೇಳಿಬಿಡಿ.

ಇಂತಿ,
ಮೂರನೇ ಅಡ್ಡರಸ್ತೆಯ ಟೈಲರ್

ವಿ.ಸೂ.: ಕಾರ್ಯದರ್ಶಿಗಳೇ, ನಿಮ್ಮ ಮನೆಯವರ ಎರಡು ಬ್ಲೌಸು ರೆಡಿ ಇದೆ. ಬೆಳಿಗ್ಗೆ ಎಂಟಕ್ಕೆ ನೀವೇ ಬಂದು ತಗೊಂಡು ಹೋಗಿ. ಆ ಹೊತ್ತಿಗೆ ದುಂಬಿ ಬಂದಿರುತ್ತದೆ.